ಮಳೆಗಾಲದಲ್ಲೂ ನೀಟಾಗಿರುವುದು ಹೇಗೆ? ಮಲೆನಾಡಿನ ಗಂಡಸರಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ಮದುವೆಯ ಕೋಟು ನಾಲ್ಕು ವರ್ಷ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿತ್ತು. ಭದ್ರವಾಗಿದೆ ಅಂತ ನಾನಂದುಕೊಂಡಿದ್ದೆ. ಆಶ್ಲೇಷ ಮಳೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ, ಗೆಳೆಯನ ನಿಶ್ಚಿತಾರ್ಥಕ್ಕೆ ಹೊರಡುವಾಗ ತೆಗೆದು ನೋಡಿದರೆ ಹೆಗಲ ಮೇಲೆ, ಕಾಲರ್ ಸುತ್ತ ಬೂದಿ ಎರಚಿದ ಹಾಗೆ ಬೂಷ್ಟು. ಅಮ್ಮ ಹತ್ತಿರ ಬಂದು ಮೂಸಿ ನೋಡಿದರು. "ಇದನ್ನ ಹಾಕ್ಕೊಂಡು ಹೋದ್ರೆ ಊಟದ ಹೊತ್ತಿಗೆ ಅಣಬೆ ಏಳ್ತದೆ ಮಾರಾಯ" ಅಂದರು.

ಗಂಡಸರು ಹೇಗೆ ಡ್ರೆಸ್ ಮಾಡಬೇಕು ಅಂತ ಹೇಳುವ ವಿಡಿಯೊಗಳನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಲೆದರ್ ಶೂ ಇರಲಿ, ತಿಳಿ ಬಣ್ಣದ ಪ್ಯಾಂಟ್ ಇರಲಿ, ಉಣ್ಣೆಯ ಕೋಟಿರಲಿ ಅನ್ನುತ್ತಾರೆ. ಹೇಳುವವರೆಲ್ಲ ಎಸಿ ರೂಮಿನಲ್ಲಿ ಕೂತಿರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ ನಿಜ, ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ದಿನಾ ಓಡಾಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಚಿಂತೆ: ನಾಳೆಗೆ ಅಂಗಿ ಒಣಗುತ್ತಾ? ಹಾಗಾಗಿ ನಮ್ಮ ಕಡೆ ಸ್ಟೈಲ್ ಶುರುವಾಗುವುದು ಅಂಗಡಿಯಲ್ಲಲ್ಲ, ಬಟ್ಟೆ ಒಣಹಾಕುವ ಹಗ್ಗದಲ್ಲಿ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿದ್ದಾಗ ನನ್ನ ಅಂಗಿ ಯಾವಾಗಲೂ ಒಣಗಿ, ಮಡಚಿ ಸಿಗುತ್ತಿತ್ತು. ಅದು ತಾನಾಗಿ ಒಣಗುತ್ತದೆ ಅಂದುಕೊಂಡಿದ್ದೆ. ಶಿವಮೊಗ್ಗದಲ್ಲಿ ರೂಮು ಮಾಡಿದ ಮೊದಲ ಪುನರ್ವಸು ಮಳೆಯಲ್ಲೇ ಗೊತ್ತಾಯಿತು, ಅಮ್ಮ ಬಚ್ಚಲೊಲೆಯ ಹತ್ತಿರ ಅದನ್ನು ಎಷ್ಟು ಸಲ ತಿರುವಿ ಹಾಕುತ್ತಿದ್ದರು ಅಂತ. ಇಲ್ಲಿ ಬರೆದಿರುವ ಕೆಲಸವನ್ನೆಲ್ಲ ನೀವೇ ಮಾಡಬೇಕು. ಅಮ್ಮನಿಗೋ ಹೆಂಡತಿಗೋ ಈ ಪಟ್ಟಿ ಓದಿ ಹೇಳುವುದಾದರೆ ಮುಂದೆ ಓದಬೇಡಿ.

ಮೊದಲು ಒಣಗಿಸುವುದು ಕಲಿಯಿರಿ

ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಸೋಪು ಕಡಿಮೆಯಾದ್ದರಿಂದ ಬರುವುದಲ್ಲ. ಬಟ್ಟೆ ತುಂಬಾ ನಿಧಾನವಾಗಿ ಒಣಗಿದಾಗ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ವಾಸನೆ ಅವುಗಳದ್ದು. ಅದರ ಮೇಲೆ ಸೆಂಟು ಹೊಡೆದರೆ ಎರಡೂ ಸೇರಿ ಮೂರನೆಯ ವಾಸನೆ ಹುಟ್ಟುತ್ತದೆ. ಬೇಗ ಒಣಗಿಸುವುದೊಂದೇ ದಾರಿ.

ಭಾನುವಾರಕ್ಕೆ ಅಂತ ವಾರದ ಬಟ್ಟೆ ಗುಡ್ಡೆ ಹಾಕಬೇಡಿ. ದಿನಕ್ಕೆ ಎರಡು ಅಂಗಿ, ಒಳಬಟ್ಟೆ, ಸಾಕ್ಸ್ ಅಷ್ಟನ್ನೇ ಒಗೆಯಿರಿ. ವಾಷಿಂಗ್ ಮೆಷಿನ್ ಇದ್ದರೆ ಒಗೆದಾದ ಮೇಲೆ ಇನ್ನೊಂದು ಸಲ ಬರೀ ಸ್ಪಿನ್ ಹಾಕಿ. ಆ ಐದು ನಿಮಿಷದಲ್ಲಿ ಅರ್ಧ ದಿನ ಉಳಿಯುತ್ತದೆ. ಕೈಯಲ್ಲಿ ಒಗೆಯುವವರು ಹಿಂಡಿದ ಅಂಗಿಯನ್ನು ಒಣ ಟವೆಲ್ ಮೇಲೆ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಒತ್ತಬೇಕು. ಟವೆಲ್ ನೀರು ಕುಡಿಯುತ್ತದೆ.

ಆಮೇಲೆ ಅಂಗಿಯನ್ನು ಹಗ್ಗಕ್ಕೆ ಎಸೆಯಬೇಡಿ. ಹ್ಯಾಂಗರಿಗೆ ಹಾಕಿ, ಕಾಲರ್ ಎತ್ತಿ, ಗುಂಡಿ ಬಿಚ್ಚಿ, ಎರಡು ಅಂಗಿಯ ನಡುವೆ ಒಂದು ಗೇಣು ಜಾಗ ಬಿಟ್ಟು ಫ್ಯಾನಿನ ಕೆಳಗೆ ನೇತುಹಾಕಿ. ಪ್ಯಾಂಟನ್ನು ಒಳಮಗ್ಗಲು ಹೊರಗೆ ಮಾಡಿ, ಜೇಬು ಎಳೆದು ಹೊರಗೆ ಬಿಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಎಷ್ಟು ತಿರುಗಿದರೂ ಅದೇ ಒದ್ದೆ ಗಾಳಿ ಸುತ್ತುತ್ತದೆ. ಗಾಳಿ ಮಳೆ ಹೊಡೆಯದ ಕಡೆಯ ಒಂದು ಕಿಟಕಿಯಾದರೂ ತೆರೆದಿರಲಿ.

ಕಡೆಗೆ ಇಸ್ತ್ರಿ. ಅಂಗಿ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಆದರೆ ಕಾಲರ್, ಕಫ್, ಗುಂಡಿ ಪಟ್ಟಿ, ಪ್ಯಾಂಟಿನ ಸೊಂಟಪಟ್ಟಿಯಲ್ಲಿ ತೇವ ಕೂತಿರುತ್ತದೆ. ಅಲ್ಲಿ ಜಾಸ್ತಿ ಹೊತ್ತು ಇಸ್ತ್ರಿ ಓಡಿಸಿ. ಇಸ್ತ್ರಿ ಆದ ತಕ್ಷಣ ಬೀರುವಿಗೆ ತುರುಕಬೇಡಿ, ಅರ್ಧ ಗಂಟೆ ಹೊರಗೆ ತೂಗಲಿ.

ಬಚ್ಚಲೊಲೆಯ ಹತ್ತಿರ ಒಣಗಿಸುವುದು ನಮ್ಮ ಹಳೆಯ ಪದ್ಧತಿ. ಟವೆಲ್, ತೋಟಕ್ಕೆ ಹೋಗುವ ಬಟ್ಟೆಗೆ ಅಡ್ಡಿಯಿಲ್ಲ. ಆಫೀಸಿನ ಅಂಗಿಗೆ ಬೇಡ. ಹೊಗೆ ವಾಸನೆ ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ, ಪಕ್ಕದ ಕುರ್ಚಿಯವರಿಗೆ ಗೊತ್ತಾಗುತ್ತದೆ. ನನಗೆ ಇದನ್ನು ಒಬ್ಬರು ಬಾಯಿಬಿಟ್ಟು ಹೇಳಿದ್ದು ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ. ಎರಡು ವರ್ಷ!

ಬೀರು

ಬೀರುವನ್ನು ಗೋಡೆಗೆ ಅಂಟಿಸಿ ಇಡಬೇಡಿ. ಮೂರು ನಾಲ್ಕು ಇಂಚು ಜಾಗ ಬಿಡಿ. ಮಳೆಗಾಲದ ಗೋಡೆ ಬೆವರುತ್ತದೆ, ಆ ತೇವ ನೇರ ಒಳಗೆ ಬರುತ್ತದೆ. ಬಟ್ಟೆ ಕಿಕ್ಕಿರಿದು ತುಂಬಬೇಡಿ. ನುಸಿಗುಳಿಗೆ ಹುಳವನ್ನು ತಡೆಯುತ್ತದೆ, ಬೂಷ್ಟನ್ನು ತಡೆಯುವುದಿಲ್ಲ. ಇದನ್ನು ತಿಳಿಯದೆ ನಾನು ಕೋಟಿನ ಜೇಬಿನಲ್ಲಿ ಎಂಟು ಗುಳಿಗೆ ಇಟ್ಟಿದ್ದೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು ಈಗ ಸೂಪರ್ ಮಾರ್ಕೆಟಿನಲ್ಲಿ ಸಿಗುತ್ತವೆ. ಬೀರುವಿನ ತಳದಲ್ಲಿ ಒಂದಿಡಿ. ಕೆಲವು ವಾರದಲ್ಲಿ ಡಬ್ಬಿಯಲ್ಲಿ ನೀರು ತುಂಬಿದ್ದು ನೋಡಿದರೆ ಗಾಬರಿಯಾಗುತ್ತದೆ, ಇಷ್ಟು ನೀರಿನ ಜೊತೆ ನಮ್ಮ ಬಟ್ಟೆ ಸಂಸಾರ ಮಾಡುತ್ತಿತ್ತಾ ಅಂತ. ಆ ನೀರು ಲೆದರ್ ಮೇಲೆ, ಬಟ್ಟೆ ಮೇಲೆ ಚೆಲ್ಲಬಾರದು.

ಹಿಂದೆ ಕೆಲವು ಮನೆಗಳಲ್ಲಿ ಬೀರುವಿನ ಕೆಳಗೆ ಸಣ್ಣ ಬಲ್ಬ್ ಉರಿಸುತ್ತಿದ್ದರು. ಅದರ ಬಿಸಿಗೆ ಒಳಗೆ ಬೆಚ್ಚಗಿರುತ್ತಿತ್ತು. ಬಟ್ಟೆ ತಾಗಿದರೆ ಬೆಂಕಿ ಹತ್ತುವ ಅಪಾಯ ಬೇರೆ. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಹಾಗೆ ಬಿಸಿಯೂ ಬರುವುದಿಲ್ಲ, ಆ ಉಪಾಯ ಬಿಟ್ಟುಬಿಡಿ.

ಕೋಟು, ರೇಷ್ಮೆ ಶಲ್ಯವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಲೇಬೇಡಿ. ಡ್ರೈಕ್ಲೀನ್ ಅಂಗಡಿಯವರು ಕೊಡುವ ಕವರು ಮನೆಗೆ ತರುವ ದಾರಿಗಷ್ಟೇ. ಹಳೆಯ ಹತ್ತಿ ಪಂಚೆಯಲ್ಲಿ ಹೊಲಿಸಿದ ಚೀಲ ಅದಕ್ಕಿಂತ ನೂರು ಪಾಲು ಮೇಲು, ಗಾಳಿಯಾಡುತ್ತದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೆ ಮತ್ತು ದೀಪಾವಳಿ ಹೊತ್ತಿಗೆ, ಎಲ್ಲವನ್ನೂ ಹೊರಗೆ ತೆಗೆದು ಗಾಳಿಗೆ ಹಾಕಿ. ಬಣ್ಣದ ಬಟ್ಟೆ ನೆರಳಿಗೆ, ಬಿಳಿಯದು ಬಿಸಿಲಿಗೆ.

ಏನು ಕೊಳ್ಳಬೇಕು, ಎಷ್ಟು

ಕಡಿಮೆ ಕೊಳ್ಳಿ. ಐದು ಅಂಗಿ, ಮೂರು ಪ್ಯಾಂಟ್, ಎರಡು ಬಿಳಿ ಪಂಚೆ, ಎರಡು ಜೊತೆ ಶೂ ಇದ್ದರೆ ಆಫೀಸು, ಮದುವೆ, ದೇವಸ್ಥಾನ ಎಲ್ಲಕ್ಕೂ ಸಾಕು. ಬೀರುವಿನಲ್ಲಿ ಜಾಗ ಉಳಿದಷ್ಟೂ ಬೂಷ್ಟು ಕಡಿಮೆ.

ದಪ್ಪ ಜೀನ್ಸ್ ಮಳೆಗಾಲಕ್ಕೆ ಹೇಳಿದ್ದಲ್ಲ. ಒಮ್ಮೆ ನೆನೆದರೆ ಮೂರು ದಿನ ಒಣಗುವುದಿಲ್ಲ, ಒದ್ದೆಯಾದಾಗ ಸೊಂಟದಿಂದ ಜಾರುತ್ತದೆ. ತೆಳು ಹತ್ತಿಗೆ ಸ್ವಲ್ಪ ಪಾಲಿಯೆಸ್ಟರ್ ಬೆರೆತ ಪ್ಯಾಂಟ್ ಒಂದು ರಾತ್ರಿಯಲ್ಲಿ ಒಣಗುತ್ತದೆ. ಲಿನನ್ ಅಂಗಿಯೂ ಬೇಗ ಒಣಗುತ್ತದೆ, ಸುಕ್ಕಾಗುತ್ತದೆ, ಅದರ ಚಂದವೇ ಸುಕ್ಕು. ಬಣ್ಣದಲ್ಲಿ ತಿಳಿ ಬೂದಿ ಮತ್ತು ಖಾಕಿ ಬೇಡ. ನಾಲ್ಕು ಹನಿ ಬಿದ್ದರೂ ದೊಡ್ಡ ಕಲೆಯ ಹಾಗೆ ಕಾಣುತ್ತದೆ. ಕಡುನೀಲಿ, ಕಡು ಹಸಿರು, ಕಾಫಿ ಬಣ್ಣ ನಮ್ಮ ಕೆಂಪು ಮಣ್ಣಿನ ಜೊತೆ ಹೊಂದಿಕೊಂಡು ಹೋಗುತ್ತವೆ. ಅಷ್ಟಾಗಿಯೂ ಕೆಸರು ಸಿಡಿದರೆ ಒದ್ದೆಯಲ್ಲಿ ಉಜ್ಜಬೇಡಿ, ಮಣ್ಣು ಇನ್ನೂ ಒಳಗಿಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಬ್ರಷ್‌ನಲ್ಲಿ ಉದುರಿಸಿ, ಆಮೇಲೆ ತಣ್ಣೀರಲ್ಲಿ ಸೋಪು ಹಾಕಿ.

ಅಂಗಿ ಬಟ್ಟೆಗೆ ದೂರ ಹೋಗಬೇಕಾಗಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರ ಸಂಘವಿದೆ. ಅಲ್ಲಿನ ಹೆಣ್ಣುಮಕ್ಕಳು ಕೈಮಗ್ಗದ ಹತ್ತಿ ಬಟ್ಟೆಗೆ ಗಿಡಮರಗಳಿಂದ ತೆಗೆದ ಬಣ್ಣ ಹಾಕುತ್ತಾರೆ. ಅದರಲ್ಲೊಂದು ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸದ ಬಣ್ಣ. ಅಡಿಕೆ ಕೊಯ್ಲಿನ ದಿನ ನಮ್ಮ ಒಳ್ಳೆಯ ಅಂಗಿಯನ್ನು ಹಾಳುಮಾಡುವ ಅದೇ ಚೊಗರು! ಜನ್ಮದಲ್ಲಿ ಹೋಗದ ಕಲೆ ಅಂತ ನಾವು ಬೈಯುವುದೇ ಅಲ್ಲಿ ಬಣ್ಣವಾಗಿ ನಿಲ್ಲುತ್ತದೆ. ಇಂಥ ಬಟ್ಟೆಯನ್ನು ಬೇರೆಯಾಗಿ, ಮೆದು ಸೋಪಿನಲ್ಲಿ ಒಗೆದು ನೆರಳಲ್ಲಿ ಒಣಗಿಸಬೇಕು.

ಟೈಲರ್ ಹತ್ತಿರ ಹೋಗುವಾಗ

ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಸಾವಿರಾರು ರೂಪಾಯಿಯ ಅಂಗಿಯ ಹೆಗಲು ಜೋತುಬಿದ್ದರೆ ಅದು ಅಣ್ಣನ ಅಂಗಿಯ ಹಾಗೆಯೇ ಕಾಣುತ್ತದೆ. ಸಾಧಾರಣ ಬಟ್ಟೆಯೂ ಮೈಗೆ ಸರಿಯಾಗಿ ಕೂತರೆ ಸಾಕು. ನಮ್ಮ ಪೇಟೆಗಳಲ್ಲಿ ಇನ್ನೂ ಒಳ್ಳೆಯ ಟೈಲರುಗಳಿದ್ದಾರೆ, ಅವರನ್ನು ಬಳಸಿಕೊಳ್ಳಿ.

58 ಇಂಚು ಅಗಲದ ಬಟ್ಟೆಯಾದರೆ ತುಂಬುತೋಳಿನ ಅಂಗಿಗೆ ಸುಮಾರು 1.6 ಮೀಟರ್, ಪ್ಯಾಂಟಿಗೆ ಸುಮಾರು 1.2 ರಿಂದ 1.3 ಮೀಟರ್ ಬೇಕು. ಎತ್ತರದವರು, ದಪ್ಪಗಿರುವವರು ಸ್ವಲ್ಪ ಹೆಚ್ಚು ತೆಗೆದುಕೊಳ್ಳಿ. ಹತ್ತಿ ಬಟ್ಟೆಯಾದರೆ ಟೈಲರಿಗೆ ಕೊಡುವ ಮೊದಲೇ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ.

ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಡಿ. ಎಲ್ಲರೂ ಹಾಗೆ ಮಾಡುತ್ತೇವೆ, ಟೈಲರಿಗೂ ಅದು ಗೊತ್ತು. ಟ್ರಯಲ್ ನೋಡುವಾಗ ಇಷ್ಟು ಗಮನಿಸಿ. ಹೆಗಲ ಹೊಲಿಗೆ ಹೆಗಲ ಮೂಳೆ ಮುಗಿಯುವಲ್ಲಿ ನಿಲ್ಲಬೇಕು. ಮೇಲಿನ ಗುಂಡಿ ಹಾಕಿದಾಗ ಕಾಲರ್ ಮತ್ತು ಕತ್ತಿನ ನಡುವೆ ಎರಡು ಬೆರಳು ಹೋಗಬೇಕು. ತೋಳು ಮಣಿಕಟ್ಟಿನ ಮೂಳೆಗೆ ಮುಗಿಯಬೇಕು. ಕೂತಾಗ ಎದೆಯ ಗುಂಡಿಗಳ ನಡುವೆ ಬನಿಯನ್ ಇಣುಕಿದರೆ ಅಂಗಿ ಬಿಗಿ ಅಂತ ಅರ್ಥ. ಪ್ಯಾಂಟಿನ ಉದ್ದ ಮಾತ್ರ ನಮ್ಮ ಊರಿಗೆ ತಕ್ಕ ಹಾಗೆ ಇರಲಿ. ಶೂ ಮೇಲೆ ಮಡಿಕೆ ಬೀಳುವಷ್ಟು ಉದ್ದ ಬೇಡ, ಶೂವಿಗೆ ತಾಗಿಯೂ ತಾಗದ ಹಾಗೆ ನಿಲ್ಲಲಿ. ಉದ್ದ ಬಿಟ್ಟರೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ಅದು ರಸ್ತೆಯ ನೀರನ್ನೆಲ್ಲ ಮೊಣಕಾಲವರೆಗೆ ಹೀರಿರುತ್ತದೆ.

ದಾರಿಯ ಬಟ್ಟೆ, ಆಫೀಸಿನ ಬಟ್ಟೆ

ಬೈಕಿನಲ್ಲಿ ಓಡಾಡುವವರಿಗೆ ನನ್ನ ಸಲಹೆ ಇಷ್ಟೇ: ಹಾಕಿಕೊಂಡ ಬಟ್ಟೆಯಲ್ಲೇ ಒಣಗಿಯೇ ಆಫೀಸು ಮುಟ್ಟುತ್ತೇನೆ ಅನ್ನುವ ಆಸೆ ಬಿಡಿ. ಎಂಥ ರೇನ್‌ಕೋಟ್ ಹಾಕಿದರೂ ಒಂದು ಗಂಟೆಯ ಮಳೆಯಲ್ಲಿ ಕತ್ತಿನಿಂದ ನೀರಿಳಿಯುತ್ತದೆ. ದಾರಿಗೆ ಬೇಗ ಒಣಗುವ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್, ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ. ಬ್ಯಾಗಿನಲ್ಲಿ ಎರಡು ಪದರ ಪ್ಲಾಸ್ಟಿಕ್ಕಿನೊಳಗೆ ಸುತ್ತಿದ ಅಂಗಿ ಪ್ಯಾಂಟು, ಸಾಕ್ಸ್, ತೆಳು ಟವೆಲ್, ಬಾಚಣಿಗೆ. ಮಡಚುವುದಕ್ಕಿಂತ ಸುರುಳಿ ಸುತ್ತಿದರೆ ಸುಕ್ಕು ಕಡಿಮೆ. ಲೆದರ್ ಶೂ ಆಫೀಸಿನಲ್ಲೇ ಇರಲಿ, ಅದಕ್ಕೆ ಮಳೆಗಾಲವೇ ಗೊತ್ತಾಗಬಾರದು.

ಆದರೂ ಶೂ ನೆನೆಯಿತು ಅಂತಿಟ್ಟುಕೊಳ್ಳಿ. ಮೊದಲು ಬಟ್ಟೆಯಲ್ಲಿ ಕೆಸರು ಒರೆಸಿ. ಲೇಸು ಬಿಚ್ಚಿ, ಒಳಗಿನ ಅಟ್ಟೆ ಹೊರಗೆ ಬರುವಂತಿದ್ದರೆ ತೆಗೆಯಿರಿ. ಹಳೆಯ ಪೇಪರ್ ಉಂಡೆ ಮಾಡಿ ಒಳಗೆ ತುಂಬಿ, ಒಂದೆರಡು ಗಂಟೆಗೊಮ್ಮೆ ಬದಲಿಸಿ. ಫ್ಯಾನಿನ ಗಾಳಿಗೆ ಇಡಿ, ಒಲೆಯ ಹತ್ತಿರ ಮಾತ್ರ ಇಡಬೇಡಿ. ಬಿಸಿಗೆ ಲೆದರ್ ಬಿರುಕು ಬಿಡುತ್ತದೆ, ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ. ಪೂರ್ತಿ ಒಣಗಿದ ಮೇಲೆಯೇ ಪಾಲಿಶ್. ಬೂಷ್ಟು ಹಿಡಿದಿದ್ದರೆ ಮನೆಯ ಹೊರಗೆ ಹೋಗಿ ಬ್ರಷ್ ಮಾಡಿ, ಅರ್ಧ ನೀರು ಅರ್ಧ ಬಿಳಿ ವಿನೆಗರ್ ಬೆರೆಸಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಪಾಲಿಶ್ ಹಾಕಿ. ಒಂದೇ ಜೊತೆಯನ್ನು ದಿನಾ ಹಾಕಬೇಡಿ, ಬೆವರು ಆರಲು ಅದಕ್ಕೂ ಒಂದು ದಿನ ಬೇಕು.

ತೋಟ, ಕಾಡು ದಾಟಿ ಬರುವವರು ಇಂಬಳವನ್ನೂ, ಅಂದರೆ ಜಿಗಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತುವಿದೆ. ಅದಕ್ಕೇ ಇಂಬಳ ಬಿದ್ದುಹೋದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ಒಂದು ಇಂಟರ್‌ವ್ಯೂನಲ್ಲಿ ನಾನು ಕಾಲ ಮೇಲೆ ಕಾಲು ಹಾಕಿ ಗತ್ತಿನಲ್ಲಿ ಕೂತಿದ್ದೆ, ಎದುರಿನವರು ನನ್ನ ಸಾಕ್ಸನ್ನೇ ನೋಡುತ್ತಿದ್ದರು. ಬಿಳಿ ಸಾಕ್ಸ್ ಅರ್ಧ ಕೆಂಪಾಗಿತ್ತು. ಅವತ್ತಿನಿಂದ ಕಪ್ಪು ಸಾಕ್ಸ್. ರಕ್ತದ ಕಲೆಗೆ ತಣ್ಣೀರೇ ಆಗಬೇಕು. ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ.

ಮೈ, ಮುಖ, ಬಾಯಿ

ತೊಡೆಸಂದಿನಲ್ಲಿ, ಸೊಂಟದಲ್ಲಿ ಬರುವ ಹುಳುಕಡ್ಡಿಯ ಬಗ್ಗೆ ಗಂಡಸರು ಬಾಯಿ ಬಿಡುವುದಿಲ್ಲ. ಮೆಡಿಕಲ್ ಶಾಪಿಗೆ ಹೋಗಿ, ಯಾರೂ ಇಲ್ಲದಾಗ ಮೆಲ್ಲಗೆ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅನ್ನುತ್ತಾರೆ. ಅಲ್ಲೇ ತಪ್ಪಾಗುವುದು. ಹಾಗೆ ಸಿಗುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಒಳಗೆ ಫಂಗಸ್ ಇನ್ನಷ್ಟು ಹರಡುತ್ತದೆ, ಆಮೇಲೆ ಯಾವ ಔಷಧಿಗೂ ಬೇಗ ಬಗ್ಗುವುದಿಲ್ಲ. ಟ್ಯೂಬ್ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್ ಅನ್ನುವ ಹೆಸರಿದ್ದರೆ ವಾಪಸ್ ಕೊಡಿ. ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ವಾರ ಔಷಧಿ ಹಚ್ಚಿ. ಟವೆಲ್ ಯಾರ ಜೊತೆಗೂ ಹಂಚಿಕೊಳ್ಳಬೇಡಿ. ಅರೆ ಒಣಗಿದ ಒಳಬಟ್ಟೆ ಹಾಕಲೇಬೇಡಿ. ಬೇರೇನೂ ಮಾಡಲು ಆಗದಿದ್ದರೆ ಅದೊಂದಕ್ಕಾದರೂ ಇಸ್ತ್ರಿ ಓಡಿಸಿ.

ಗಡ್ಡ ಬಿಡುವುದು ಬಿಡದಿರುವುದು ನಿಮ್ಮ ಇಷ್ಟ. ಬಿಟ್ಟರೆ ಕತ್ತಿನ ಗೆರೆ ಮಾತ್ರ ಚೊಕ್ಕವಾಗಿರಲಿ, ಗಂಟಲಗಂಟಿನ ಮೇಲೆ ಎರಡು ಬೆರಳು ಬಿಟ್ಟು ಅಲ್ಲಿಂದ ಕೆಳಗೆ ಬೋಳಿಸಿ. ಶೇವಿಂಗ್ ಬಿಸಿನೀರಿನ ಸ್ನಾನವಾದ ಮೇಲೆ ಮಾಡಿದರೆ ಕೂದಲು ಮೆತ್ತಗಾಗಿರುತ್ತದೆ, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ರೇಜರನ್ನು ಬಚ್ಚಲಲ್ಲಿ ಬಿಡಬೇಡಿ. ಒದ್ದೆ ತಲೆಯ ಮೇಲೆ ಹೆಲ್ಮೆಟ್ ಹಾಕಬೇಡಿ, ಒಳಗಿನ ಬಟ್ಟೆ ಬಿಚ್ಚಲು ಬರುವ ಹಾಗಿದ್ದರೆ ವಾರಕ್ಕೊಮ್ಮೆ ಒಗೆಯಿರಿ.

ಇನ್ನು ಬಾಯಿ. ನಾನು ಅಡಿಕೆ ಬೆಳೆಯುವ ಮನೆಯವನು, ಅಡಿಕೆಯ ದುಡ್ಡಿನಲ್ಲೇ ಓದಿದವನು. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಜೊತೆಗೆ ತಂಬಾಕು ಇರಲಿ ಇಲ್ಲದಿರಲಿ. ನಮ್ಮ ಕಡೆ ಇದರ ಬಗ್ಗೆ ದೊಡ್ಡ ಜಗಳವೇ ಇದೆ, ಅದು ಇಲ್ಲಿ ಬೇಡ. ದಿನಾ ಜಗಿಯುವವರ ಬಾಯಿ ಬರಬರುತ್ತಾ ಪೂರ್ತಿ ತೆರೆಯದೆ ಹೋಗುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಗುಟ್ಕಾವನ್ನು ಕರ್ನಾಟಕದಲ್ಲಿ 2013ರಲ್ಲೇ ನಿಷೇಧಿಸಿದರು, ಬಸ್ಸಿನ ಕಿಟಕಿಯಿಂದ ಉಗುಳುವುದು ಮಾತ್ರ ನಿಂತಿಲ್ಲ. ಎಷ್ಟು ಚಂದದ ಅಂಗಿ ಹಾಕಿದರೂ ಮಾತಾಡಲು ಬಾಯಿ ತೆರೆದಾಗ ಹಲ್ಲು ಕೆಂಪಗಿದ್ದರೆ ಏನು ಬಂತು? ಊಟವಾದ ಮೇಲೆ ಕವಳ (ಎಲೆಅಡಿಕೆ) ಹಾಕುವ ಹಿರಿಯರ ಜೊತೆ ಕೂತುಕೊಳ್ಳಿ, ತಟ್ಟೆ ದಾಟಿಸಿ, ನೀವು ಹಾಕಲೇಬೇಕು ಅಂತೇನಿಲ್ಲ.

ಪಂಚೆ

ಮದುವೆಮನೆಗೆ ಬಿಳಿ ಪಂಚೆ, ಬಿಳಿ ಅಥವಾ ಕೆನೆಬಣ್ಣದ ಅಂಗಿ. ಕೋಟಿಗಿಂತ ಚಂದ, ಕೋಟಿಗಿಂತ ಬೇಗ ಒಣಗುತ್ತದೆ. ನಾಲ್ಕು ಮೊಳದ ಪಂಚೆ ತೆಳ್ಳಗಿರುತ್ತದೆ, ಒಳಗಿನ ಚಡ್ಡಿ ಕಾಣುತ್ತದೆ. ಎಂಟು ಮೊಳದ ಡಬಲ್ ಪಂಚೆ, ಅಂದರೆ ಸುಮಾರು 3.6 ಮೀಟರಿನದು ತೆಗೆದುಕೊಳ್ಳಿ. ಹೊಸ ಪಂಚೆಯ ಗಂಜಿ ಜಾರುತ್ತದೆ, ಒಂದು ಸಲ ಒಗೆದೇ ಉಡಿ. ಸೊಂಟಕ್ಕೆ ಬಿಗಿಯಾಗಿ ಸುತ್ತಿ, ಅಂಚು ನೇರ ಬೀಳುವ ಹಾಗೆ ನೋಡಿಕೊಂಡು, ಮೇಲಿನ ತುದಿಯನ್ನು ಎರಡು ಸುತ್ತು ಹೊರಕ್ಕೆ ಮಡಚಿ. ಧೈರ್ಯ ಸಾಲದಿದ್ದರೆ ಮೇಲೊಂದು ಬೆಲ್ಟ್ ಹಾಕಿ, ಅಂಗಿ ಮುಚ್ಚುತ್ತದೆ, ಯಾರಿಗೂ ಕಾಣುವುದಿಲ್ಲ. ಅಂಚು ಹರಡಿನ ಗಂಟು ಮುಚ್ಚಬೇಕು, ನೆಲ ಗುಡಿಸಬಾರದು.

ಕೆಸರಿನಲ್ಲಿ ನಡೆಯುವಾಗ ಪಂಚೆ ಎತ್ತಿ ಕಟ್ಟಲೇಬೇಕು. ಆದರೆ ಹಿರಿಯರು ಎದುರಾಗಿ ಮಾತಿಗೆ ನಿಂತರೆ ಇಳಿಬಿಡಿ. ಕೊಡೆಯನ್ನು ಜಗಲಿಯ ಹೊರಗೇ ಬಿಡಿ, ಚೊಂಬಿನಲ್ಲಿ ನೀರಿಟ್ಟಿದ್ದರೆ ಕಾಲು ತೊಳೆದು ಒಳಗೆ ಹೋಗಿ. "ಬಾಯಾರಿಕೆಗೆ ಏನು ಕೊಡ್ಲಿ?" ಅಂತ ಕೇಳಿದರೆ "ಏನೂ ಬೇಡ" ಅನ್ನಬೇಡಿ, ಬೆಲ್ಲ ನೀರಾದರೂ ಕುಡಿಯಿರಿ. ಪಂಕ್ತಿಯಲ್ಲಿ ಪಕ್ಕದವರ ಊಟ ಮುಗಿಯುವ ಮೊದಲು ಏಳಬೇಡಿ. ಎರಡನೆಯ ಪಂಕ್ತಿಗೆ ಬಡಿಸಲು ಜನ ಕಡಿಮೆಯಿದ್ದರೆ ಸೌಟು ಹಿಡಿಯಿರಿ. ಬಡಿಸುವ ಮೊದಲು ಶಲ್ಯವನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳಿ, ಇಲ್ಲದಿದ್ದರೆ ಬಗ್ಗಿದಾಗ ಅದು ನೇರ ಸಾರಿನ ಬಕೆಟ್ಟಿಗೆ ಹೋಗುತ್ತದೆ. ನನ್ನದು ಹೋಗಿದೆ. ಆ ಅರಿಶಿನದ ಕಲೆಯನ್ನು ಸೋಪು ಹಚ್ಚಿ ಮೂರು ದಿನ ಬಿಸಿಲಿಗೆ ಹಾಕಿದ ಮೇಲೆ ಹೋಯಿತು. ಪುಣ್ಯಕ್ಕೆ ಆ ಮದುವೆ ಏಪ್ರಿಲ್‌ನಲ್ಲಿತ್ತು.